ನಾಲ್ಕನೆಯ ಅಂಕಣ

ಈ ವರ್ಷದ ಮೊದಲ ಮಳೆ ಬಿದ್ದ ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಜನ ಹೊಗಳುವ ಹೊಸ ಮಳೆಯ ಪರಿಮಳವಲ್ಲ ಅದು. ಹಳೆಯ ಸಿಮೆಂಟು, ತುಕ್ಕು ಹಿಡಿದ ಸರಳು, ಹಾವಸೆ, ವರ್ಷಗಟ್ಟಲೆ ಬಿಸಿಲು ಕಾಣದ ಮಣ್ಣು ಇವೆಲ್ಲ ಒಟ್ಟಿಗೆ ನೆನೆದಾಗ ಏಳುವ ವಾಸನೆ. ಹಾಳುಬಾವಿಯ ಮುಚ್ಚಳ ಸರಿಸಿದರೆ ಹೀಗೆಯೇ ಮೂಗಿಗೆ ಬಡಿಯುತ್ತದೆ. ನಮ್ಮ ಸೊಸೈಟಿಯ ಹಿಂದಿನ ತಡೆಗೋಡೆಯದು. ಒಲೆಯ ಮೇಲಿನ ಹಾಲನ್ನು ಇಳಿಸುವುದನ್ನೂ ಮರೆತು ನಾನು ಕಿಟಕಿಯ ಸರಳು ಹಿಡಿದು ನಿಂತೆ. ನೆನಪಿಗೆ ಬಂದವರು ಮೇಲಿನ ಮನೆಯ ಮಾಸ್ತರರು…

ಪುಣೆಯ ಪರ್ವತಿ ಗುಡ್ಡದ ಹಿಂದಿನ ಇಳಿಜಾರನ್ನು ಕಡಿದು ಕಟ್ಟಿದ ನಾಲ್ಕು ಅಂತಸ್ತಿನ ಕಟ್ಟಡ ನಮ್ಮದು. ಕಡಿದ ಮಣ್ಣು ಮರಳಿ ಜಾರಬಾರದೆಂದು ಹಿಂಬದಿಯಲ್ಲಿ ಎರಡಾಳೆತ್ತರದ ತಡೆಗೋಡೆಯಿದೆ. ಕಂಬದಿಂದ ಕಂಬಕ್ಕೆ ಒಂದೊಂದರಂತೆ ಅದಕ್ಕೆ ಆರು ಅಂಕಣಗಳು. ನಾಲ್ಕನೆಯ ಅಂಕಣಕ್ಕೆ ಬೆನ್ನು ಕೊಟ್ಟು ವಾಚ್‌ಮನ್ನನ ಕೋಣೆಯನ್ನು ಕಟ್ಟಿದ್ದಾರೆ. ಆ ಕೋಣೆಗೆ ತನ್ನದೇ ಆದ ಹಿಂಗೋಡೆ ಇಲ್ಲ. ಒಂದು ಗೋಡೆಯ ಇಟ್ಟಿಗೆ ಉಳಿಯಿತೆಂದು ಕಟ್ಟಿಸಿದವರು ಸಂತೋಷಪಟ್ಟಿದ್ದರಂತೆ. ಅಲ್ಲಿ ವಿಜಯಪುರದ ಕಡೆಯಿಂದ ಬಂದ ಗಂಡ ಹೆಂಡತಿ ಇಬ್ಬರು ಆರು ವರ್ಷಗಳಿಂದ ಇದ್ದಾರೆ. ಗಂಡ ಗೇಟು ಕಾಯುತ್ತಾನೆ, ಹೆಂಡತಿ ನಾಲ್ಕು ಮನೆಗಳ ಪಾತ್ರೆ ತಿಕ್ಕುತ್ತಾಳೆ. ನನ್ನ ಮನೆಯೂ ಅದರಲ್ಲೊಂದು.

ಮಾಸ್ತರರು ಧಾರವಾಡದವರು. ಇಲ್ಲಿಯ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ನನ್ನ ತಲೆಯ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಬೆಳಗಾವಿಯವಳು. ಶಿವಾಜಿನಗರದಲ್ಲಿ ನ್ಯಾಯಾಲಯದ ನಕಲು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು. ಮೂಲದಲ್ಲಿರುವುದನ್ನು ಇರುವಂತೆಯೇ ಪ್ರತಿ ಮಾಡಿ, ಕೆಳಗೆ ‘ಮೂಲದೊಡನೆ ತಾಳೆ ನೋಡಿದೆ’ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ಮೂಲದಲ್ಲಿ ತಪ್ಪಿದ್ದರೆ ಪ್ರತಿಯಲ್ಲೂ ತಪ್ಪಿರಬೇಕು. ಮೂಲದ ಹಾಳೆಯಲ್ಲಿ ನೊಣ ಅಂಟಿಕೊಂಡಿದ್ದರೆ ಪ್ರತಿಯಲ್ಲಿ ನೊಣದ ಚಿತ್ರವನ್ನೂ ಬಿಡಿಸಬೇಕೆಂದು ನಮ್ಮ ಹಿರಿಯ ಗುಮಾಸ್ತರು ನಗುತ್ತಿದ್ದರು. ಮೂವತ್ತೊಂದು ವರ್ಷಗಳಲ್ಲಿ ನಾನು ಒಂದು ಚುಕ್ಕೆಯನ್ನೂ ಕದಲಿಸಿರಲಿಲ್ಲ.

ನಮ್ಮ ನಡುವೆ ಮನಸ್ತಾಪ ಬೆಳೆದದ್ದು ಒಂದು ಲೇಖನದಿಂದ. ಮಾಸ್ತರರಿಗೆ ಕಣ್ಣು ಮಂಜಾಗಿತ್ತು. ಯಾವುದೋ ಪತ್ರಿಕೆಗೆ ಕಳಿಸಬೇಕಾದ ಹನ್ನೊಂದು ಪುಟಗಳ ಗಣಿತವನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಕೊಡಿರೆಂದು ಕೇಳಿದರು. ವಿಷಯವನ್ನು ಅವರು ‘ಇಂಟ್ಯೂಷನಿಸ್ಟಿಕ್ ಫಜ್ಜಿ ಸೆಟ್’ ಎನ್ನುತ್ತಿದ್ದರು. ಅಂತಃಪ್ರಜ್ಞಾತ್ಮಕ ಅಸ್ಪಷ್ಟ ಗಣ ಎಂದು ನಾನು ಅದನ್ನು ಕನ್ನಡ ಮಾಡಿಕೊಂಡದ್ದು ಬಹಳ ಕಾಲದ ನಂತರ. ಮ್ಯೂ ಎಂಬ ಗ್ರೀಕ್ ಅಕ್ಷರ, ನ್ಯೂ ಎಂಬ ಇನ್ನೊಂದು ಗ್ರೀಕ್ ಅಕ್ಷರ, ಅವುಗಳ ಸುತ್ತ ಚೂಪು ಕಂಸ. ‘0 ≤ μ + ν ≤ 1’ ಎಂಬ ಸಾಲು ಪುಟಪುಟಕ್ಕೂ ಬರುತ್ತಿತ್ತು. ಒಂಬತ್ತು ದಿನ ಕುಳಿತು ಮುಗಿಸಿದೆ. ನ್ಯೂ ಅಕ್ಷರ ನೋಡಲು ಇಂಗ್ಲಿಷಿನ ವಿಯಂತೆಯೇ ಇರುವುದರಿಂದ ಎಲ್ಲ ಕಡೆಯೂ ವಿ ಹಾಕಿಬಿಟ್ಟಿದ್ದೆ.

ಅವರು ಹಾಳೆಗಳನ್ನು ಹಿಡಿದು ಗೇಟಿನ ಬಳಿ, ಸೊಸೈಟಿಯ ಚೇರ್ಮನ್ನರ ಎದುರಿಗೇ ನನ್ನನ್ನು ನಿಲ್ಲಿಸಿದರು. ಗುರುವಾರ ಅದು. ಅವರ ಮೈಮೇಲೆ ಕಂದು ಸ್ವೆಟರು ಇತ್ತು, ನನ್ನ ಕೈಯಲ್ಲಿ ಮೆಂತ್ಯದ ಸೊಪ್ಪು. ನಾನು ಹೇಳಿದೆ, “ಎರಡೂ ಒಂದಽ ಥರ ಕಾಣತಾವಲ್ರಿ. ಅರ್ಥಕ್ಕೇನು ಕೊರತಿ ಆಗೂದಿಲ್ಲ ಅಂತ ತಿಳಕೊಂಡೆ.”

“ಬಾಯಾರ, ನಿಮ್ಮ ಕೆಲಸ ಟೈಪ್ ಮಾಡೂದು. ತಿಳಕೊಳ್ಳೂದಲ್ಲ.”

ಚೇರ್ಮನ್ನರಿಗೆ ಕನ್ನಡ ಬರುವುದಿಲ್ಲ. ಆದರೂ ನಕ್ಕರು. ಆ ನಗೆ ಯಾವ ಭಾಷೆಯಲ್ಲೂ ಅರ್ಥವಾಗುವಂಥದು. ನಾನು ಹಾಳೆಗಳನ್ನು ತೆಗೆದುಕೊಂಡು ಹೋಗಿ ಅರವತ್ತನಾಲ್ಕು ಕಡೆ ತಿದ್ದಿ, ಮರುದಿನ ಅವರ ಬಾಗಿಲ ಸಂದಿಯಲ್ಲಿ ತೂರಿಸಿದೆ. ಬೆಲ್ ಒತ್ತಲಿಲ್ಲ. ಆಮೇಲೆ ಅವರ ಮನೆಯ ಮೆಟ್ಟಿಲು ಹತ್ತಲೂ ಇಲ್ಲ.

ಮುಂದಿನ ಬೇಸಿಗೆಯ ಕೊನೆಗೆ ತಡೆಗೋಡೆಯ ಮಾತು ಎದ್ದಿತು. ಊರಿನ ಬೇರೊಂದು ಕಡೆ ಗೋಡೆ ಕುಸಿದ ಸುದ್ದಿ ಬಂದಿತ್ತು. ನಮ್ಮದನ್ನೂ ನೋಡಿಸಬೇಕೆಂದು ಕಮಿಟಿಯವರು ಒಬ್ಬ ಎಂಜಿನಿಯರನ್ನು ಕರೆಸಿದರು. ಅವರ ಜೊತೆ ಮಾಸ್ತರರೂ ಕೋಲೂರಿಕೊಂಡು ಮೂರು ದಿನ ಗೋಡೆಯುದ್ದಕ್ಕೂ ಓಡಾಡಿದರು. ಅಂಕಣಕ್ಕೆ ಹತ್ತು ಪರೀಕ್ಷೆಗಳು. ಬಿರುಕು ಬಿಟ್ಟಿದೆಯೇ, ಹೊಟ್ಟೆ ಬಂದಿದೆಯೇ, ಬಡಿದರೆ ಪೊಳ್ಳು ಸದ್ದೇ, ಹಿಂದೆ ನಿಂತ ನೀರು ಗೋಡೆಯನ್ನು ತಳ್ಳದೆ ಹೊರಗೆ ಜಿನುಗಲೆಂದು ಇಟ್ಟ ಕೊಳವೆ ಕಟ್ಟಿಕೊಂಡಿದೆಯೇ… ಹೀಗೆ. ಐದನೆಯ ಅಂಕಣದಲ್ಲಿ ಕೊಳವೆಯಿಂದ ಬೇಸಿಗೆಯ ಅಡ್ಡಮಳೆಯ ನೀರು ಸೋರುವುದನ್ನು ಕಂಡು ವಾಚ್‌ಮನ್ನನ ಹೆಂಡತಿ ಹೆದರಿದಾಗ ಮಾಸ್ತರರು ಹೇಳಿದ್ದು ನನ್ನ ಕಿಟಕಿಗೆ ಕೇಳಿಸಿತ್ತು: “ಅಳೋ ಗ್ವಾಡಿಗೆ ಅಂಜಬ್ಯಾಡವಾ. ಅಳಲಾರದ ಗ್ವಾಡಿಗೆ ಅಂಜಬೇಕು.”

ಫಲಿತಾಂಶವನ್ನು ಅವರು ತಮ್ಮ ರೀತಿಯಲ್ಲೇ ಬರೆದರು. ಚೂಪು ಕಂಸದೊಳಗೆ ಅಂಕಣದ ಸಂಖ್ಯೆ, ಗಟ್ಟಿಯೆನ್ನಲು ಎಷ್ಟು ಆಧಾರ, ಗಟ್ಟಿಯಲ್ಲವೆನ್ನಲು ಎಷ್ಟು ಆಧಾರ. ಅದನ್ನು ಸಭೆಗೆ ಶುದ್ಧಪ್ರತಿ ಮಾಡಿಕೊಡುವಂತೆ ಕಮಿಟಿಯವರು ನನಗೆ ಕಳಿಸಿದರು. ಮಾಸ್ತರರು ತಾವೇ ಕೇಳಲಿಲ್ಲ. ಅದನ್ನೂ ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಒಂದನೆಯ ಅಂಕಣಕ್ಕೆ 0.8, 0.2. ಎರಡಕ್ಕೆ 0.9, 0.1. ಮೂರಕ್ಕೂ ಅದೇ. ಐದಕ್ಕೆ 0.7, 0.3. ಆರಕ್ಕೆ 0.8, 0.2. ಎಲ್ಲವೂ ಕೂಡಿದರೆ ಒಂದು. ನಾಲ್ಕನೆಯದಕ್ಕೆ ಮಾತ್ರ 0.3, 0.1. ಕೂಡಿದರೆ ಅರ್ಧವೂ ಆಗದು.

ನಾನು ಕೀಬೋರ್ಡಿನಿಂದ ಕೈ ತೆಗೆದು ನಕ್ಕದ್ದು ನೆನಪಿದೆ. ಮುದುಕರಿಗೆ ಕೂಡಿಸುವುದೂ ಮರೆಯಿತು ಎನ್ನಿಸಿತು. ಗಟ್ಟಿಯಲ್ಲವೆನ್ನುವುದಕ್ಕೆ 0.1 ಇದ್ದರೆ ಗಟ್ಟಿಯೆನ್ನುವುದಕ್ಕೆ 0.9 ಇರಲೇಬೇಕು, ಎರಡನೆಯ, ಮೂರನೆಯ ಅಂಕಣಗಳಿಗೆ ಹಾಗೆಯೇ ಬರೆದಿದ್ದಾರಲ್ಲ. ಇಪ್ಪತ್ತು ಮೆಟ್ಟಿಲು ಹತ್ತಿ ಕೇಳಬಹುದಿತ್ತು. ಹತ್ತಿದರೆ ಮತ್ತೆ ಆ ಮಾತನ್ನೇ ಕೇಳಬೇಕಾದೀತು. ನನಗೂ ತಿಳಿಯುತ್ತದೆಂದು ಮಾತಿಲ್ಲದೆ ತೋರಿಸುವ ಅವಕಾಶ ಕೈಯಲ್ಲೇ ಇತ್ತು. 0.3 ಇದ್ದಲ್ಲಿ 0.9 ಎಂದು ಒತ್ತಿದೆ. ಕೆಳಗೆ ‘ಮೂಲದೊಡನೆ ತಾಳೆ ನೋಡಿದೆ’ ಎಂದು ಬರೆದು ಸಹಿ ಹಾಕಿದೆ.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಸಭೆ. ಮಾಸ್ತರರು ಎದ್ದುನಿಂತು, ಮಳೆಗೆ ಮುಂಚೆ ವಾಚ್‌ಮನ್ನನ ಕೋಣೆಯನ್ನು ತೆರವು ಮಾಡಿ ನಾಲ್ಕನೆಯ ಅಂಕಣವನ್ನು ಬಿಚ್ಚಿ ನೋಡಬೇಕು, ಅಲ್ಲಿಯವರೆಗೆ ಆ ಇಬ್ಬರನ್ನು ಬೇರೆಡೆ ಇರಿಸಬೇಕು ಎಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಚೇರ್ಮನ್ನರು ನನ್ನ ಪ್ರತಿಯನ್ನು ಎತ್ತಿ ಹಿಡಿದರು.

“ಅಹೋ ಸರ್, ಇದು ನಿಮ್ಮದೇ ಕಾಗದ. ನಾಲ್ಕನೆಯದಕ್ಕೆ ತೊಂಬತ್ತು ಕೊಟ್ಟಿದ್ದೀರಿ. ಬಿಚ್ಚುವುದೇ ಆದರೆ ಐದನೆಯದನ್ನು ಬಿಚ್ಚೋಣ, ಪಾಪ ಅದು ಎಪ್ಪತ್ತಕ್ಕೇ ನಿಂತಿದೆ.”

“ನನ್ನ ಮಗನಿಗೆ ಒಂದು ಸಲವೂ ತೊಂಬತ್ತು ಕೊಡಲಿಲ್ಲ, ಸರ್! ಗೋಡೆಗೆ ಕೊಟ್ಟುಬಿಟ್ಟಿರಾ?” ಎಂದು ಹಿಂದಿನಿಂದ ಒಬ್ಬರು ಕೂಗಿದರು. ಎಲ್ಲರೂ ನಕ್ಕರು.

ಮಾಸ್ತರರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಇದು ನನ್ನ ಅಂಕಿಯಲ್ಲ” ಎಂದರು.

“ಹಾಗಾದರೆ ಯಾರದು? ಕೋರ್ಟಿನ ಕಾಕೂ ತಾಳೆ ನೋಡಿ ಸಹಿ ಹಾಕಿದ್ದಾರೆ.”

ಮಾಸ್ತರರು ನನ್ನ ಕಡೆ ತಿರುಗಿದರು. ಅವರ ಕೈಬರಹದ ಮೂಲ ಹಾಳೆ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಚೀಲದ ಜಿಪ್ಪಿನ ಮೇಲೆ ನನ್ನ ಬೆರಳೂ ಇತ್ತು. ಎಳೆಯಲಿಲ್ಲ. ನಾಲ್ಕು ಉಸಿರಿನಷ್ಟು ಹೊತ್ತು ಕಾದು ಅವರು ಹಾಳೆಯನ್ನು ಮಡಿಸಿದರು. “ನನ್ನ ಕಣ್ಣು ಮಂಜಾಗಿದೆ. ತಪ್ಪು ನನ್ನದೇ ಇರಬೇಕು” ಎಂದು ಕುಳಿತರು. ಆ ಔದಾರ್ಯವನ್ನೂ ನಾನು ಕೆಲವು ದಿನ ಅವಮಾನವೆಂದೇ ಎಣಿಸಿದ್ದೆ…

ಅದೇ ಮಧ್ಯಾಹ್ನ ನಾನು ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು.

“ಬಾಯಾರ, ಒಳಗ ಬರಬಹುದೇನ್ರಿ?”

“ಬರ್ರಿ” ಎಂದೆ. ಏಳಲಿಲ್ಲ.

ಅವರು ಕುರ್ಚಿಯ ತುದಿಯಲ್ಲಿ ಕುಳಿತು ನನ್ನ ಮೊರವನ್ನೇ ನೋಡುತ್ತಿದ್ದರು. ಒಂದು ಕಡೆ ಅಕ್ಕಿ, ತಟ್ಟೆಯಲ್ಲಿ ಹರಳು, ಮೊರದ ಅಂಚಿನಲ್ಲಿ ಬೇರೆ ಸರಿಸಿಟ್ಟ ಕೆಲವು ಕಾಳು.

“ಆ ಅಂಚಿಗೆ ಇಟ್ಟಿದ್ದು ಏನ್ರಿ?”

“ಅಕ್ಕಿನೋ ಹರಳೋ ತಿಳೀವಲ್ದು. ಬೆಳಕಿಗೆ ಹಿಡದು ನೋಡಬೇಕ್ರಿ.”

“ನೋಡದಽ ಅನ್ನಕ್ಕ ಹಾಕತೀರೇನು?”

“ಹಲ್ಲು ಮುರೀತಾವಲ್ರಿ!”

“ಮತ್ತ ನನ್ನ ಆರು ಕಾಳು ಯಾಕ ಹಾಕಿದ್ರಿ?”

ನನ್ನ ಕೈ ನಿಂತಿತು. ಅವರು ಸಿಟ್ಟಿಲ್ಲದೆ, ಮೊದಲ ವರ್ಷದ ವಿದ್ಯಾರ್ಥಿಗೆ ಹೇಳುವಂತೆ ಹೇಳಿದರು. ಸಾಮಾನ್ಯ ಗಣದಲ್ಲಿ ಒಂದು ವಸ್ತು ಸೇರುತ್ತದೆ ಅಥವಾ ಸೇರುವುದಿಲ್ಲ. ಅಸ್ಪಷ್ಟ ಗಣದಲ್ಲಿ ಸ್ವಲ್ಪ ಸೇರಬಹುದು. ಸೇರದೆ ಉಳಿದದ್ದೆಲ್ಲ ಸೇರದಿರುವುದರ ಪಾಲು. ಈ ಮೂರನೆಯ ಬಗೆಯ ಗಣ ಹಾಗಲ್ಲ. ಇಲ್ಲಿ ಸೇರುತ್ತದೆ ಎನ್ನುವುದಕ್ಕೆ ಮ್ಯೂ, ಸೇರುವುದಿಲ್ಲ ಎನ್ನುವುದಕ್ಕೆ ನ್ಯೂ, ಎರಡನ್ನೂ ಬೇರೆ ಬೇರೆಯಾಗಿ ಅಳೆದು ಬರೆಯಬೇಕು. ಎರಡೂ ಕೂಡಿ ಒಂದನ್ನು ಮೀರಬಾರದು, ಅಷ್ಟೇ, ಒಂದು ಆಗಲೇಬೇಕೆಂದಿಲ್ಲ. ಕಡಿಮೆ ಬಿದ್ದಷ್ಟು ಭಾಗ ಯಾವ ಕಡೆಗೂ ಸೇರಿದ್ದಲ್ಲ. ನಾಲ್ಕನೆಯ ಅಂಕಣದಲ್ಲಿ ಹತ್ತು ಪರೀಕ್ಷೆಗಳ ಪೈಕಿ ಮೂರು ಗಟ್ಟಿ ಎಂದವು, ಒಂದು ಅಲ್ಲ ಎಂದಿತು. ಕೋಣೆಯ ತಗಡು, ಒಲೆಕಟ್ಟೆ, ಕಪಾಟು ಅಡ್ಡ ಇದ್ದುದರಿಂದ ಉಳಿದ ಆರನ್ನು ಮಾಡಲಿಕ್ಕೇ ಆಗಲಿಲ್ಲ. ಆ ಆರನ್ನು ನಾನು ಎತ್ತಿ ಗಟ್ಟಿಯ ಪಾಲಿಗೆ ಹಾಕಿದ್ದೆ.

‘ಒಂದಕ್ಕಿಂತ ಕಡಿಮೆ ಅಥವಾ ಸಮ’ ಎಂಬ ಆ ಚಿಹ್ನೆಯನ್ನು ಹನ್ನೊಂದು ಪುಟಗಳಲ್ಲಿ ನನ್ನ ಬೆರಳುಗಳೇ ಒತ್ತಿದ್ದವು. ಬೆರಳು ಓದಿತ್ತು, ನಾನು ಓದಿರಲಿಲ್ಲ.

“ನೀವಽ ಅಂದಿದ್ರಿ, ತಿಳಕೊಳ್ಳೂದು ನನ್ನ ಕೆಲಸ ಅಲ್ಲ ಅಂತ” ಎಂದೆ. ಆ ಹೊತ್ತಿನಲ್ಲೂ ನನಗೆ ಹೊಳೆದದ್ದು ಅದೇ.

ಅವರು ಕೋಲಿಗೆ ಕೈ ಚಾಚಿದರು. “ಅಂದಿದ್ದೆ. ಹಂಗ ಅನಬಾರದಿತ್ತು” ಎಂದರು. ಕೋಲೂರಿ ಎದ್ದರು. ಮೂಲ ಪ್ರತಿ ಎಲ್ಲಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ…

ಸಂಜೆಯೊಳಗೆ ವಾಚ್‌ಮನ್ನನ ಹಾಸಿಗೆಯ ಸುರುಳಿ, ಸ್ಟವ್, ಎರಡು ಟ್ರಂಕು ನನ್ನ ಬಾಗಿಲ ಮುಂದೆ ಹಾದು ಮೇಲೆ ಹೋದವು. ಆ ಮಳೆಗಾಲ ಪೂರ್ತಿ ಗಂಡ ಹೆಂಡತಿ ಮಾಸ್ತರರ ಹಾಲ್‌ನಲ್ಲಿ ಮಲಗಿದರು. ಗೋಡೆ ಬೀಳಲಿಲ್ಲ. ಗೇಟಿನಲ್ಲಿ ಮಾಸ್ತರರು ಕಂಡಾಗಲೆಲ್ಲ “ಸರ್, ಇವತ್ತಾದರೂ ಬೀಳುತ್ತದೆಯೇ?” ಎಂದು ಕೇಳುವುದು ಎಲ್ಲರಿಗೂ ಆಟವಾಯಿತು. ದಸರೆಯ ನಂತರ ಟ್ರಂಕುಗಳು ಕೆಳಗಿಳಿದವು. ಮರುವರ್ಷ ಜೂನಿನಲ್ಲಿ ಮತ್ತೆ ಹತ್ತಿದವು, ಮತ್ತೆ ಇಳಿದವು. ಒಮ್ಮೆ ಮೆಟ್ಟಿಲ ತಿರುವಿನಲ್ಲಿ ನಾನೇ ಕೇಳಿದ್ದೆ, “ಎರಡು ಮಳಿಗಾಲ ನಿಂತತಲ್ರಿ. ಇನ್ನೂ ಸಂಶಯೇನ್ರಿ?”

“ನಿಂತದ ಅನ್ನೂದು ಪರೀಕ್ಷೆ ಅಲ್ರಿ ಬಾಯಾರ. ಬೀಳೂ ಹಿಂದಿನ ದಿನದ ತನಕ ಎಲ್ಲಾ ಗ್ವಾಡಿನೂ ನಿಂತಽ ಇರತಾವ.”

ಹೀಗೆ ಎರಡು ವರ್ಷ, ಪ್ರತಿಯೊಂದು ದಿನವೂ, ನಾನು ಕಮಿಟಿಗೆ ಹೋಗಿ ನಿಜ ಹೇಳಬಹುದಿತ್ತು. ಹೇಳಿದರೆ ನನ್ನ ಸಹಿಯಿರುವ ಪ್ರತಿ ಸುಳ್ಳಾಗುತ್ತಿತ್ತು. ಚೇರ್ಮನ್ನರು ಗೇಟಿನಲ್ಲಿ ನಕ್ಕಂತೆ ಮತ್ತೆ ನಗುತ್ತಿದ್ದರು. ಇನ್ನೊಬ್ಬರ ತಪ್ಪನ್ನು ನಾನು ಎಂದೂ ಮರೆತವಳಲ್ಲ; ಎರಡು ಮಳೆಗಾಲ ನನ್ನದನ್ನು ಮಾತ್ರ ಯಾರಿಗೂ ತೋರಿಸದೆ ಬೀರುವಿನಲ್ಲಿಟ್ಟೆ. ಕಳೆದ ಚಳಿಗಾಲದಲ್ಲಿ ಮಾಸ್ತರರು ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ ಆರನೆಯ ದಿನ ತೀರಿಕೊಂಡರು. ನಾನು ಅವರ ಮನೆಯ ಮೆಟ್ಟಿಲು ಹತ್ತಿದ್ದು ಅವರನ್ನು ಹಾಲ್‌ನಲ್ಲಿ ನೆಲದ ಮೇಲೆ ಮಲಗಿಸಿದ್ದಾಗ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಜೋಡಿಸಿಟ್ಟುಕೊಂಡಿದ್ದ ಮಾತು ಇತ್ತು… ಅಲ್ಲಿ ಅಷ್ಟು ಜನರ ನಡುವೆ ಅದು ಬಾಯಿಗೆ ಬರಲಿಲ್ಲ. ಈಗ ಆ ಮನೆಗೆ ಬೀಗ ಹಾಕಿದೆ. ಈ ಜೂನಿನಲ್ಲಿ ಟ್ರಂಕುಗಳು ಮೇಲೆ ಹತ್ತಲಿಲ್ಲ.

ವಾಸನೆ ಬಂದ ಆ ಮಧ್ಯಾಹ್ನವೇ ಛತ್ರಿ ಹಿಡಿದು ಹಿಂಬದಿಗೆ ಹೋದೆ. ಉಳಿದ ಐದು ಅಂಕಣಗಳ ಕೊಳವೆಗಳಿಂದಲೂ ಕೆಂಪು ನೀರು ಸುರಿಯುತ್ತಿತ್ತು. ನಾಲ್ಕನೆಯದರ ಕೊಳವೆ ಕೋಣೆಯ ಮಗ್ಗುಲಲ್ಲಿ ಬಾಯಿ ತೆರೆದಿದೆ. ಅದರಲ್ಲಿ ಒಂದು ಹನಿಯೂ ಇರಲಿಲ್ಲ. ಬೆರಳು ಹಾಕಿ ನೋಡಿದೆ. ಒಣಗಿತ್ತು. ಗುಡ್ಡದ ಮೇಲೆ ಅಷ್ಟು ಮಳೆ ಹೊಯ್ಯುತ್ತಿದ್ದರೂ ಒಣಗಿತ್ತು.

ಮೂಲ ಹಾಳೆಯನ್ನು ತೆಗೆದು, ನಡೆದದ್ದನ್ನೆಲ್ಲ ಬರೆದು, ನೇರವಾಗಿ ಚೇರ್ಮನ್ನರ ಮನೆಗೆ ಹೋದೆ. ಅವರು ಓದಿದರು. ಈ ಸಲ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

“ಕಾಕೂ, ಗೋಡೆ ನಿಂತಿದೆ. ಸರ್ ಹೋದರು. ಫೈಲಿನಲ್ಲಿ ತೊಂಬತ್ತು ಎಂದು ನಿಮ್ಮದೇ ಸಹಿ ಇದೆ. ಈ ವಯಸ್ಸಿನಲ್ಲಿ ನಿಮ್ಮ ಸಹಿಯನ್ನು ನೀವೇ ಯಾಕೆ ಕೆಡಿಸಿಕೊಳ್ಳುತ್ತೀರಿ? ಮಳೆ ಮುಗಿಯಲಿ, ನೋಡೋಣ.” ಹಾಳೆಗಳನ್ನು ಅಂದವಾಗಿ ಜೋಡಿಸಿ ನನ್ನ ಕೈಗೇ ಕೊಟ್ಟರು.

ಅಲ್ಲಿಂದ ವಾಚ್‌ಮನ್ನನ ಕೋಣೆಗೆ ಬಂದೆ. ಅವನು ಗೇಟಿನಲ್ಲಿದ್ದ. ಹೆಂಡತಿ ಒಲೆಕಟ್ಟೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ನನ್ನ ಮನೆಗೆ ಬಂದು ಇರಿ ಎಂದೆ, ಇವತ್ತೇ ಬನ್ನಿ ಎಂದೆ. ಅವಳ ಕೈ ನಿಲ್ಲಲಿಲ್ಲ.

“ಈ ಖೋಲಿ ಬಿಟ್ರ ನೌಕರಿ ಬಿಟ್ಟಂಗ ಅಂತ ಚೇರ್ಮನ್ ಸಾಹೇಬ್ರು ಅಂದಾರ್ರಿ ಅವ್ವಾರ. ಮಾಸ್ತರು ಇದ್ದಾಗ ಅವರಿಗೆ ಅಂಜಿ ಸುಮ್ಮಿದ್ರು. ಈಗ ಯಾರದಾರ?”

“ನಾ ಅದೀನಲ್ಲ.”

“ನೀವಽ ಈ ಗ್ವಾಡಿಗೆ ತೊಂಬತ್ತು ಕೊಟ್ಟೀರಂತಲ್ರಿ.” ಅವಳ ದನಿಯಲ್ಲಿ ಕೊಂಕಿರಲಿಲ್ಲ. ಲೆಕ್ಕ ಒಪ್ಪಿಸುವವಳಂತೆ ಹೇಳಿದಳು.

“ಅದು ತಪ್ಪವಾ. ನಾ ತಪ್ಪು ಬರದೆ.”

“ಹಂಗಾರ ಬೀಳತದೇನ್ರಿ?”

ಬೀಳುತ್ತದೆ ಎಂದುಬಿಟ್ಟರೆ ಅವಳು ಎದ್ದು ಬರುತ್ತಿದ್ದಳು. ನಾಲಿಗೆಯ ತುದಿಯವರೆಗೂ ಬಂತು. ತಿಳಿಯದ ಆರನ್ನು ಒಮ್ಮೆ ಎತ್ತಿ ಒಂದು ಕಡೆ ಹಾಕಿದ್ದೆ. ಹಾಗೆಂದರೆ ಈಗ ಇನ್ನೊಂದು ಕಡೆ ಹಾಕಿದಂತಾಗುತ್ತಿತ್ತು.

“ಗೊತ್ತಿಲ್ಲವಾ” ಎಂದೆ.

ಅವಳು ಹೆಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರಿದಳು. “ಮಾಸ್ತರೂ ಹಿಂಗಽ ಅಂದಿದ್ರು. ‘ಬೀಳತದೋ ಇಲ್ಲೋ ನನಗ ಗೊತ್ತಿಲ್ಲ, ಅದಕ್ಕಽ ಮ್ಯಾಲ ಬಾ’ ಅಂದ್ರು. ಎದ್ದು ಹೋದ್ವಿ.” ಆಮೇಲೆ ರೊಟ್ಟಿ ಮಗುಚಿ, “ನಿಮಗ ಗೊತ್ತಾದ ಮ್ಯಾಲ ಹೇಳ್ರಿ ಅವ್ವಾರ. ಬರತೀವಿ” ಎಂದಳು.

ಒಂದೇ ಮಾತು. ಅವರು ಹೇಳಿದಾಗ ಇಬ್ಬರು ಬದುಕನ್ನು ಕಟ್ಟಿಕೊಂಡು ಮೆಟ್ಟಿಲು ಹತ್ತಿದ್ದರು. ನಾನು ಹೇಳಿದಾಗ ಅದಕ್ಕೆ ಬೆಲೆಯಿರಲಿಲ್ಲ, ಏಕೆಂದರೆ ನಾನು ಒಮ್ಮೆ ಗೊತ್ತಿದೆ ಎಂದು ಸಹಿ ಹಾಕಿದ್ದವಳು. ಮಾಸ್ತರರು ಇಲ್ಲವೆಂಬುದು ಅವರ ಶವದ ಎದುರಿಗೆ ನಿಂತಾಗ ನನಗೆ ಅಷ್ಟಾಗಿ ತಟ್ಟಿರಲಿಲ್ಲ. ಆ ಒಲೆಕಟ್ಟೆಯ ಮುಂದೆ ತಟ್ಟಿತು.

ಮರುದಿನ ಕಮಿಟಿಗೆ ಒಂದೇ ಸಾಲಿನ ಪತ್ರ ಕೊಟ್ಟೆ. ನಾಲ್ಕನೆಯ ಅಂಕಣವನ್ನು ಬಿಚ್ಚಿ ನೋಡುವವರೆಗೆ ಹಗಲು ಹೊತ್ತು ನಾನು ಆ ಕೋಣೆಯಲ್ಲೇ ಕೂರುತ್ತೇನೆ ಎಂದು. ಸ್ವೀಕರಿಸಿದ್ದಕ್ಕೆ ಸಹಿ ಪಡೆದೆ. ಇಂದಿಗೆ ನಾಲ್ಕು ದಿನ. ಪತ್ರಕ್ಕೆ ಉತ್ತರ ಬಂದಿಲ್ಲ. ಮಳೆ ಬಿಟ್ಟಿಲ್ಲ. ಇದನ್ನು ಅಲ್ಲಿಯೇ ಕುಳಿತು, ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲ ದಿನ ನಾನು ಚಾಪೆ ಹಾಸಿಕೊಂಡು ಹಿಂಗೋಡೆಗೆ ಒರಗಲು ಹೋದಾಗ ವಾಚ್‌ಮನ್ನನ ಹೆಂಡತಿ ಹಿಟ್ಟಿನ ಕೈಯಲ್ಲೇ ನನ್ನ ರಟ್ಟೆ ಹಿಡಿದಳು.

“ಆ ಕಡೆ ಬ್ಯಾಡ್ರಿ ಅವ್ವಾರ. ಈ ಕಡೆ ಸರೀರಿ.”

ಸರಿದೆ. ಕೋಣೆಯ ಅಗಲವೇ ಎಂಟು ಅಡಿ. ಅವಳು ತೋರಿಸಿದ ‘ಈ ಕಡೆ’ ಗೋಡೆಯಿಂದ ಎರಡು ಮೊಳ ದೂರ ಇತ್ತು; ಅದರಾಚೆ ಟ್ರಂಕುಗಳು, ಬಾಗಿಲು. ಅವರ ಹಾಸಿಗೆಯ ಸುರುಳಿಯೂ ಅಲ್ಲಿಯೇ ಇತ್ತು.